ಭುಜಕೀರ್ತಿಯ ದಾರ

ಡಿಸೆಂಬರ್ ತಿಂಗಳು ಬಂತೆಂದರೆ ನಮ್ಮಂಥ ಶಿಕ್ಷಕಿಯರ ಕೈಯಿಂದ ಕೆಂಪು ಪೆನ್ನು ಇಳಿದು ದಬ್ಬಣ ಏರುತ್ತದೆ. ಶಾಲಾ ವಾರ್ಷಿಕೋತ್ಸವ! ನಾಟಕ ಬರೆದವರಿಗೆ, ಕಲಿಸಿದವರಿಗೆ, ಕೊನೆಗೆ ಮೈಕು ಜೋಡಿಸಿದವರಿಗೂ ವಂದನಾರ್ಪಣೆಯಲ್ಲಿ ಹೆಸರುಂಟು. ರಾಜನ ಕಿರೀಟ, ಮಂತ್ರಿಯ ಗಡ್ಡ, ಸೈನಿಕನ ಎದೆಗವಚ ಇವೆಲ್ಲ ಯಾರ ಮನೆಯ ಜಗುಲಿಯಲ್ಲಿ ಹುಟ್ಟಿದವು ಎಂದು ಮಾತ್ರ ಯಾರೂ ಕೇಳುವುದಿಲ್ಲ. ನನ್ನ ನೌಕರಿಯ ಇಷ್ಟು ವರ್ಷಗಳಲ್ಲಿ ನಾನು ಹೊಲಿದ, ಅಂಟಿಸಿದ, ಕಟ್ಟಿದ ವೇಷಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಎಲ್ಲಕ್ಕಿಂತ ಹಟಮಾರಿ ಯಾವುದು ಎಂದು ಕೇಳಿದರೆ ಅನುಮಾನವಿಲ್ಲದೆ ಹೇಳುತ್ತೇನೆ: ಭುಜಕೀರ್ತಿ.

ಕಿರೀಟ ತಲೆಯ ಮೇಲೆ ಕೂರುತ್ತದೆ. ಡಾಬು ಸೊಂಟವನ್ನು ತಬ್ಬಿಕೊಳ್ಳುತ್ತದೆ. ಎದೆಗವಚಕ್ಕೆ ಎದೆ, ಬೆನ್ನು ಎರಡರ ಆಸರೆಯಿದೆ. ಪಾಪ, ಭುಜಕೀರ್ತಿಗೆ ಇರುವುದು ಹೆಗಲು. ಹೆಗಲೆಂದರೆ ಇಳಿಜಾರು, ಅದೂ ಸದಾ ಅಲುಗಾಡುವ ಇಳಿಜಾರು. ಗುಂಡುಸೂಜಿ ಚುಚ್ಚಿದರೆ ಮುಂದಕ್ಕೆ ಜಾರುತ್ತದೆ, ಅಂಟಿಸಿದರೆ ಕಿತ್ತು ಬರುತ್ತದೆ. ವಾರ್ಷಿಕೋತ್ಸವದ ಫೋಟೋಗಳನ್ನು ತೆಗೆದು ನೋಡಿ. ನಿಮ್ಮ ಮಗನೋ ಮಗಳೋ ರಾಜನಾಗಿ ನಿಂತ ಚಿತ್ರದಲ್ಲಿ ಒಂದು ಭುಜಕೀರ್ತಿ ಆಕಾಶ ನೋಡುತ್ತಿದ್ದರೆ ಇನ್ನೊಂದು ಮೊಣಕೈಯ ಕುಶಲ ವಿಚಾರಿಸುತ್ತಿರುತ್ತದೆ.

ನಾನು ಜಡೆಗೆ ಬಂದದ್ದು 1998ರಲ್ಲಿ. ‘ಜಡೆಗೆ ವರ್ಗವಾಯಿತು’ ಎಂದಾಗ ನಮ್ಮತ್ತೆ, ‘ಮುಡಿಗೆ ಯಾವಾಗ?’ ಎಂದು ನಕ್ಕಿದ್ದರು. ಸೊರಬ ತಾಲ್ಲೂಕಿನ ಈ ಹೋಬಳಿ ಊರಿನ ಹೆಸರು ಕೇಳಿದವರಿಗೆ ಮೊದಲು ನೆನಪಾಗುವುದು ಜಡೆ ಸಂಸ್ಥಾನ ಮಠ. ನಮಗೆ ಬಾಡಿಗೆ ಮನೆ ಸಿಕ್ಕಿದ್ದು ಜಡೆಯಲ್ಲಿ, ನನ್ನ ಶಾಲೆ ಸುತ್ತಿನ ಹಳ್ಳಿಯೊಂದರಲ್ಲಿ. ಒಂದು ಕಡೆ ಗದ್ದೆ, ಇನ್ನೊಂದು ಕಡೆ ಅಡಿಕೆ ತೋಟ. ಮಕ್ಕಳು ಬೆಳಿಗ್ಗೆ ಸಗಣಿ ಬಾಚಿ, ನೀರು ಹೊತ್ತು, ತಮ್ಮ ತಂಗಿಯರಿಗೆ ತಲೆ ಬಾಚಿ ಶಾಲೆಗೆ ಬರುತ್ತಿದ್ದರು. ಅಂಥ ಮಕ್ಕಳಿಗೆ ವರ್ಷಕ್ಕೊಂದು ಸಂಜೆ ರಾಜ ರಾಣಿಯರಾಗುವ ಅವಕಾಶವೆಂದರೆ ಸಣ್ಣ ವಿಷಯವಲ್ಲ.

2004ರಲ್ಲಿ ‘ಕೆಳದಿ ಚೆನ್ನಮ್ಮ’ ನಾಟಕ ಆಡಿಸುವುದೆಂದು ತೀರ್ಮಾನಿಸಿದೆ. ಕೆಳದಿ ನಮಗೇನು ದೂರದ್ದೇ? ಪಕ್ಕದ ಸಾಗರ ತಾಲ್ಲೂಕು. ಗಂಡ ಸೋಮಶೇಖರ ನಾಯಕ ತೀರಿಕೊಂಡ ಮೇಲೆ 1670ರ ದಶಕದ ಆರಂಭದಲ್ಲಿ ಗದ್ದುಗೆ ಏರಿ, ಸುಮಾರು 25 ವರ್ಷ ರಾಜ್ಯವಾಳಿದ ಹೆಣ್ಣುಮಗಳು. 1689ರಲ್ಲಿ ಮೊಗಲರಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು, ಔರಂಗಜೇಬನ ಸೈನ್ಯ ಬೆನ್ನಟ್ಟಿ ಬಂದರೂ ಅವನನ್ನು ಒಪ್ಪಿಸದೆ ನಿಂತವಳು. ಕೊನೆಯ ದೃಶ್ಯದಲ್ಲಿ ಚೆನ್ನಮ್ಮ ಬಲಗೈಯಲ್ಲಿ ಕತ್ತಿಯನ್ನು ನೆತ್ತಿಯ ಮೇಲಕ್ಕೆ ಎತ್ತಿ, ಆಶ್ರಯ ಬೇಡಿ ಬಂದವರನ್ನು ಬಿಟ್ಟುಕೊಡೆನೆಂದು ಮಾತು ಕೊಡಬೇಕು. ಆಗ ಪರದೆ. ನಾನೇ ಬರೆದದ್ದು, ನನಗೇ ರೋಮಾಂಚನ!

ಪಾತ್ರಕ್ಕೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಸಿಕ್ಕಿದಳು. ಅವಳನ್ನು ಇಲ್ಲಿ ಚೆನ್ನಮ್ಮ ಎಂದೇ ಕರೆಯುತ್ತೇನೆ. ತಾಯಿ ಕೂಲಿಗೆ ಹೋಗುವವರು. ತರಗತಿಯಲ್ಲಿ ಕೇಳಿದರೂ ಮಾತಾಡದ ಹುಡುಗಿ, ಕೈಗೆ ಮರದ ಕತ್ತಿ ಕೊಟ್ಟದ್ದೇ ತಡ, ಶಾಲೆಯ ಹೆಂಚು ಹಾರುವಂತೆ ಗರ್ಜಿಸಿದಳು.

ಕವಚದ ಪ್ರಶ್ನೆ ಎದ್ದಿತು. ಶಿವಮೊಗ್ಗದಿಂದ ನಾಟಕದ ಡ್ರೆಸ್ಸು ತರಿಸುವಷ್ಟು ಹಣ ಶಾಲೆಯಲ್ಲಿರಲಿಲ್ಲ. ಹಿಂದಿನವರು ಏನು ತೊಡುತ್ತಿದ್ದರೋ ನೋಡೋಣವೆಂದು ಮಕ್ಕಳನ್ನು ಊರ ಹೊರಗಿನ ವೀರಗಲ್ಲಿನ ಬಳಿ ಕರೆದುಕೊಂಡು ಹೋದೆ. ಸೊರಬ, ಶಿಕಾರಿಪುರದ ಸೀಮೆಯಲ್ಲಿ ವೀರಗಲ್ಲು, ಮಾಸ್ತಿಗಲ್ಲುಗಳಿಗೆ ಬರವಿಲ್ಲ. ಕೆರೆ ಏರಿಯ ಮೇಲೆ, ಗುಡಿಯ ಪಕ್ಕದಲ್ಲಿ ನಿಂತೇ ಇರುತ್ತವೆ. ಕಲ್ಲಿನ ಕೆಳಗಿನ ಪಟ್ಟಿಯಲ್ಲಿ ವೀರ ಕಾದಾಡುತ್ತಿದ್ದ. ಕೈಯಲ್ಲಿ ಕತ್ತಿ, ಗುರಾಣಿ. ಹೆಗಲು ಬರಿದು.

‘ಮೇಡಂ, ಇವ್ನಿಗೆ ಭುಜಕೀರ್ತಿನೇ ಇಲ್ಲ!’ ಎಂದ ಒಬ್ಬ.

‘ಅದಕ್ಕೇ ಸತ್ತ ಕಣೋ’ ಎಂದ ಇನ್ನೊಬ್ಬ.

ನಕ್ಕು ವಾಪಸಾದೆವು. ನಾವು ಭುಜಕೀರ್ತಿ ನೋಡಿ ಬೆಳೆದದ್ದು ಯುದ್ಧದ ಕಲ್ಲಿನಲ್ಲಲ್ಲ, ದೇವಾಲಯದ ದ್ವಾರಪಾಲಕರ ಮೇಲೆ, ಯಕ್ಷಗಾನ ಮತ್ತು ದೊಡ್ಡಾಟದ ವೇಷಗಳ ಮೇಲೆ. ಯಕ್ಷಗಾನದವರದು ಹಗುರವಾದ ಮರದಲ್ಲಿ ಕೆತ್ತಿ, ಬಂಗಾರದ ಬೇಗಡೆ ಹಚ್ಚಿದ್ದು. ನಮಗೆ ಮರ ಕೆತ್ತುವ ವಿದ್ಯೆ ಎಲ್ಲಿಂದ ಬರಬೇಕು? ಆದರೆ ಅಡಿಕೆ ಹಾಳೆ ಇತ್ತಲ್ಲ!

ಹಾಳೆಯ ಗುಣ ನಮ್ಮ ಕಡೆಯ ಹೆಂಗಸರಿಗೆ ಹೇಳಬೇಕಾಗಿಲ್ಲ. ಒಣಗಿದ್ದನ್ನು ಬಗ್ಗಿಸಿದರೆ ಸೀಳುತ್ತದೆ. ನೀರಲ್ಲಿ ನೆನೆಹಾಕಿದರೆ ಹೇಳಿದಂತೆ ಕೇಳುತ್ತದೆ. ರಾತ್ರಿಯೆಲ್ಲ ನೆನೆದ ಹಾಳೆಯನ್ನು ಎಲೆಯ ಆಕಾರಕ್ಕೆ ಕತ್ತರಿಸಿ, ನೀರಿನ ಕೊಡದ ಹೊಟ್ಟೆಯ ಮೇಲೆ ಹರವಿ, ಹಳೆ ಬಟ್ಟೆಯಿಂದ ಬಿಗಿದು ನೆರಳಿನಲ್ಲಿ ಒಣಗಿಸಿದೆ. ಎರಡು ದಿನಕ್ಕೆ ಕೊಡದ ಉಬ್ಬು ಹಾಳೆಗೆ ಬಂದಿತು. ಅವಸರ ಮಾಡಿ ಬಿಸಿಲಿಗಿಟ್ಟ ಒಂದು ಜೊತೆ ಮಾತ್ರ ಹಪ್ಪಳದಂತೆ ಸುರುಟಿಕೊಂಡಿತು. ಮೈದಾ ಅಂಟು ಸವರಿ ಬಂಗಾರದ ಕಾಗದ ಹಚ್ಚಿ, ಅಂಚಿಗೆ ನನ್ನದೇ ಹಳೆಯ ಸೀರೆಯ ಜರಿ ಹೊಲಿದು, ನಡುವೆ ಕನ್ನಡಿ ಚೂರು ಕೂರಿಸಿದೆ. ಕೈಯಲ್ಲಿ ಹಿಡಿದರೆ ಹೂವಿನಷ್ಟು ಹಗುರ. ಇವರು ನೋಡಿ, ‘ರಾಣಿಗೇ ಇಷ್ಟು ಚೆಂದದ್ದು ಇತ್ತೋ ಇಲ್ಲವೋ’ ಎಂದರು. ನಾನು ಉಬ್ಬಿಹೋದೆ.

ಆದರೆ ಕಟ್ಟುವುದು ಹೇಗೆ? ಹಾಳೆಗೆ ಎರಡು ತೂತು ಮಾಡಿ, ದಾರ ಪೋಣಿಸಿ ತೋಳಿಗೆ ಕಟ್ಟಿದೆ. ಕೊನೆಯ ತಾಲೀಮಿನಲ್ಲಿ ಎರಡೂ ಜಾರಿ ಎದೆಯ ಮೇಲೆ ಬಂದವು. ಮಕ್ಕಳು ನಕ್ಕರು. ನನಗೆ ಹಟ ಬಂತು. ಮರುದಿನ ಸಂಜೆ, ನಾಟಕಕ್ಕೆ ಅರ್ಧ ಗಂಟೆಯಿದೆ ಎನ್ನುವಾಗ, ಗೊಬ್ಬರದ ಚೀಲಕ್ಕೆ ಕಟ್ಟುವ ನೈಲಾನ್ ದಾರ ತಂದು, ಕಂಕುಳ ಕೆಳಗಿಂದ ಸುತ್ತಿ, ಉಸಿರು ಬಿಗಿಹಿಡಿದು ಎಳೆದು ಗಂಟು ಹಾಕಿದೆ. ಒಂದಲ್ಲ, ಮೂರು ಗಂಟು. ಅಲುಗಾಡಿಸಿ ನೋಡಿದೆ. ಕಲ್ಲಿನಂತೆ ಕೂತಿತ್ತು. ‘ಈಗ ಹೇಗೆ ಬೀಳುತ್ತೆ ನೋಡೋಣ’ ಎಂದೆ. ಹುಡುಗಿ ಏನೂ ಹೇಳಲಿಲ್ಲ.

ಅಷ್ಟರಲ್ಲಿ ಸೈನಿಕನ ವೇಷದ ಹುಡುಗಿಯೊಬ್ಬಳು ಕಿರೀಟ ಚುಚ್ಚುತ್ತದೆಂದು ಗೊಣಗಿದಳು. ‘ಚುಚ್ಚುತ್ತೆ ಅನ್ನೋರು ತೆಗೆದಿಟ್ಟು ಹೋಗಿ, ಪಾತ್ರ ಬೇಕು ಅನ್ನೋರು ಇನ್ನೂ ಹತ್ತು ಜನ ಇದ್ದಾರೆ’ ಎಂದು ಗದರಿದೆ. ಹನ್ನೊಂದು ಹೆಣ್ಣುಮಕ್ಕಳಿಗೆ ಒಬ್ಬಳೇ ಬಣ್ಣ ಹಚ್ಚಿ, ಸೀರೆ ಉಡಿಸಿ, ಸೂಜಿ ಹುಡುಕಿದ ಸಂಜೆ ಅದು. ಆ ಮಾತು ನನಗೆ ಮರುಕ್ಷಣವೇ ಮರೆತುಹೋಯಿತು.

ನಾಟಕ ಚೆನ್ನಾಗಿಯೇ ನಡೆಯಿತು. ಕೊನೆಯ ದೃಶ್ಯ ಬಂತು. ಚೆನ್ನಮ್ಮ ಕತ್ತಿ ಹಿರಿದಳು. ಕೈ ಮೇಲೇರುತ್ತ ಏರುತ್ತ ಹೆಗಲ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಮಾತು ಸರಿಯಾಗಿ ಬಂತು, ಕೈ ಮಾತ್ರ ಮೇಲೇಳಲಿಲ್ಲ. ಯಾರಿಗೋ ದಾರಿ ತೋರಿಸುವವಳಂತೆ ಕತ್ತಿಯನ್ನು ಅಡ್ಡ ಹಿಡಿದು ನಿಂತಳು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಪರದೆ ಬಿತ್ತು.

ನಾನು ಧಡಧಡನೆ ಒಳಗೆ ಹೋಗಿ, ‘ಕೈ ಎತ್ತೋಕೆ ಏನಾಗಿತ್ತೇ ನಿನಗೆ? ಅಷ್ಟು ಸಲ ಹೇಳಿಕೊಟ್ಟಿದ್ದೀನಿ!’ ಎಂದೆ. ಅವಳು ತಲೆ ತಗ್ಗಿಸಿದಳು. ಅಷ್ಟರಲ್ಲಿ ಅವಳ ತಾಯಿ ಬಂದರು. ಮಗಳ ವೇಷ ಬಿಚ್ಚಲು ಹೋದರೆ ಗಂಟು ಬಿಚ್ಚಲಿಲ್ಲ, ಕುಡುಗೋಲು ತರಿಸಿ ಕೊಯ್ಯಬೇಕಾಯಿತು. ತೆಳ್ಳನೆಯ ಜಾಕೀಟಿನ ಕೆಳಗೆ, ಎರಡೂ ಕಂಕುಳಲ್ಲಿ, ದಾರ ಚರ್ಮ ತರಿದು ಒಳಗೆ ಇಳಿದಿತ್ತು. ಬಲಗಡೆ ರಕ್ತ ಜಿನುಗುತ್ತಿತ್ತು.

ನನ್ನ ಬಾಯಿ ಒಣಗಿತು. ‘ಮೊದಲೇ ಯಾಕೆ ಹೇಳಲಿಲ್ಲ ಮಗಾ?’ ಎಂದೆ.

‘ಹೇಳಿದ್ರೆ ಪಾತ್ರ ಬೇರೆಯವರಿಗೆ ಕೊಡ್ತೀರೇನೋ ಅಂತ ಮೇಡಂ.’

ಅವಳು ದೂರಿನ ದನಿಯಲ್ಲಿ ಹೇಳಲಿಲ್ಲ. ಉತ್ತರ ಕೇಳಿದೆ, ಉತ್ತರ ಕೊಟ್ಟಳು. ತಾಯಿಯಾದರೂ ನನ್ನನ್ನು ಬೈಯಬಹುದಿತ್ತು. ಬೈದಿದ್ದರೆ ಹಗುರವಾಗುತ್ತಿತ್ತೋ ಏನೋ. ಆಕೆ ಕೊಬ್ಬರಿ ಎಣ್ಣೆ ಸವರುತ್ತ, ಆ ಬಂಗಾರದ ಹಾಳೆಯನ್ನು ತಿರುಗಿಸಿ ನೋಡಿ, ‘ಭಾರ ಏನಿಲ್ಲ ಬಿಡಿ. ಆದ್ರೂ ಹೊರೋ ಜಾಗಕ್ಕೆ ಒಂದು ಸಿಂಬೆ ಇಡಬೇಕಿತ್ತು ಅಕ್ಕೋರೇ’ ಎಂದರು. ದಿನವೂ ಹುಲ್ಲಿನ ಹೊರೆ, ನೀರಿನ ಕೊಡ ಹೊರುವವರ ಮಾತು ಅದು. ಬಿಎ, ಬಿಎಡ್ ಮಾಡಿದ ನನಗೆ ಆ ಒಂದು ಸಿಂಬೆ ಹೊಳೆದಿರಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಮದುವೆಯ ಬಾಸಿಂಗ ನೆನಪಾಯಿತು. ನಮ್ಮ ಸೊರಬ, ಸಾಗರದ ಗುಡಿಗಾರರು ಗಂಧದ ಕೆತ್ತನೆಗೆ ಎಷ್ಟು ಹೆಸರಾದವರೋ ಬೆಂಡಿನ ಬಾಸಿಂಗಕ್ಕೂ ಅಷ್ಟೇ. ಬೆಂಡಿಗೆ ತೂಕವೆಲ್ಲಿದೆ? ಊದಿದರೆ ಹಾರುತ್ತದೆ. ಆದರೆ ಧಾರೆಯ ದಿನ ನಮ್ಮ ದೊಡ್ಡಮ್ಮನೊಬ್ಬರು ಬಾಸಿಂಗ ಬೀಳಬಾರದೆಂದು ದಾರವನ್ನು ಎಷ್ಟು ಬಿಗಿದಿದ್ದರೆಂದರೆ ಊಟದ ಹೊತ್ತಿಗೆ ನನ್ನ ಹಣೆ ಸಿಡಿಯುತ್ತಿತ್ತು. ಸಡಿಲ ಮಾಡಿ ಎನ್ನಲು ಬಾಯಿ ಬರಲಿಲ್ಲ. ಮದುಮಗಳು ‘ನೋಯುತ್ತೆ’ ಎಂದರೆ ಜನ ಏನೆಂದುಕೊಳ್ಳುತ್ತಾರೆ? ಹಣೆಯ ಮೇಲಿನ ಬರೆ ಎರಡು ದಿನ ಇತ್ತು. ಬಂದವರೆಲ್ಲ ‘ಹುಡುಗಿ ಎಷ್ಟು ಸಮಾಧಾನದವಳು’ ಎಂದು ಹೊಗಳಿದರಂತೆ!

ನೋಯಿಸುವುದು ಭಾರವಲ್ಲ, ದಾರ. ಇದನ್ನು ನಾನು ಇಪ್ಪತ್ತು ಚಿಲ್ಲರೆ ವಯಸ್ಸಿನಲ್ಲೇ ಹಣೆಯ ಮೇಲೆ ಕಲಿತಿದ್ದೆ. ಆದರೂ ಕಟ್ಟುವ ಕೈ ನನ್ನದಾದಾಗ ಮರೆತೆ. ಕಟ್ಟಿಸಿಕೊಂಡವಳು ಸುಮ್ಮನಿದ್ದಾಳೆ ಎಂದರೆ ಸುಖವಾಗಿದ್ದಾಳೆ ಎಂದೇ ಭಾವಿಸಿದೆ.

ಮರುವರ್ಷ ಸುಗ್ಗಿಯ ನಂತರ ಬಡಗುತಿಟ್ಟಿನ ಮೇಳವೊಂದು ಹತ್ತಿರದಲ್ಲಿ ಆಟಕ್ಕೆ ಬಂತು. ಆಟ ಶುರುವಾಗುವ ಮುನ್ನ ಇವರನ್ನು ಜೊತೆಗೆ ಕರೆದುಕೊಂಡು ಚೌಕಿಗೆ ಹೋದೆ. ಹೆಂಗಸು ಚೌಕಿಯ ಬಾಗಿಲಲ್ಲಿ ನಿಂತರೆ ನಾಲ್ಕು ಕಣ್ಣು ತಿರುಗುತ್ತವೆ, ತಿರುಗಲಿ ಎಂದುಕೊಂಡೆ. ಕಲಾವಿದರಿಗೆ ವೇಷ ಕಟ್ಟಿಕೊಡುತ್ತಿದ್ದ ಹಿರಿಯರೊಬ್ಬರಿಗೆ ನನ್ನ ಹಾಳೆಯ ಭುಜಕೀರ್ತಿ ತೋರಿಸಿ, ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ಅವರು ನಗಲಿಲ್ಲ.

‘ಅಮ್ಮಾ, ನೀವು ಇದನ್ನು ತೋಳಿಗೆ ಕಟ್ಟಿದ್ದೀರಿ. ತೋಳು ಕೆಲಸ ಮಾಡೋ ಜಾಗ, ಅದನ್ನ ಕಟ್ಟಿಹಾಕಬಾರದು. ಹೊರೋದು ಕುತ್ತಿಗೆ ಬುಡ ಮತ್ತೆ ಬೆನ್ನು. ಅಲ್ಲಿಗೆ ಕೊಡಿ’ ಎಂದರು.

ಅಲ್ಲೇ ಒಂದು ತುಂಡು ಬಟ್ಟೆ ತೆಗೆದುಕೊಂಡು ತೋರಿಸಿಕೊಟ್ಟರು. ಆಮೇಲೆ ನಾನು ಮನೆಯಲ್ಲಿ ಹತ್ತಾರು ಸಲ ಮಾಡಿ ನೋಡಿ ಪಳಗಿಸಿಕೊಂಡ ಕ್ರಮ ಇದು. ನಿಮ್ಮ ಮನೆಯಲ್ಲೂ ಒಬ್ಬ ರಾಜನೋ ರಾಣಿಯೋ ಇದ್ದರೆ ಉಪಯೋಗಕ್ಕೆ ಬಂದೀತು. ಎಡ ಬಲದ ಎರಡು ಭುಜಕೀರ್ತಿಗಳನ್ನು ಮೊದಲು ಒಂದಕ್ಕೊಂದು ಜೋಡಿಸಬೇಕು. ಎರಡು ಬೆರಳಗಲದ ದಪ್ಪ ಬಟ್ಟೆಯ ಪಟ್ಟಿಯೊಂದು ಕುತ್ತಿಗೆಯ ಹಿಂದಿನಿಂದ ಹಾದು ಇವೆರಡನ್ನೂ ಹಿಡಿಯಬೇಕು. ಆಗ ಕಾವಡಿಯ ಎರಡು ಬುಟ್ಟಿಗಳಂತೆ ಒಂದರ ಭಾರ ಇನ್ನೊಂದಕ್ಕೆ ಸರಿಹೋಗುತ್ತದೆ. ಮುಂದಿನ ಅಂಚಿನಿಂದ ಒಂದು, ಹಿಂದಿನ ಅಂಚಿನಿಂದ ಒಂದು ಲಾಡಿ ಇಳಿಬಿಟ್ಟು, ಎದೆಯ ಮೇಲೂ ಬೆನ್ನ ಮೇಲೂ ಕತ್ತರಿಯಂತೆ ಹಾಯಿಸಿ, ಸೊಂಟದ ಪಟ್ಟಿಗೆ ಸೇರಿಸಬೇಕು. ಕಂಕುಳಲ್ಲಿ ದಾರವೇ ಬೇಡ. ತೋಳಿನ ಕಡೆಯ ಅಂಚನ್ನು ಬಿಡುಬೀಸಾಗಿ ಬಿಡಬೇಕು. ಅದು ತೀರ ಹಾರುತ್ತದೆನಿಸಿದರೆ ದರ್ಜಿಗಳ ಎಲಾಸ್ಟಿಕ್ಕಿನ ಒಂದು ಬಳೆ, ಎರಡು ಬೆರಳು ಒಳಗೆ ತೂರುವಷ್ಟು ಸಡಿಲವಾಗಿ. ಹಾಳೆಗೂ ಮೈಗೂ ನಡುವೆ ಹಳೆ ಪಂಚೆ ಸುತ್ತಿದ ಸಿಂಬೆ. ದಾರ ಬೇಡ, ಲಂಗದ ಲಾಡಿ ಸಾಕು. ಗಂಟು ಯಾವಾಗಲೂ ಒಂದೇ ಎಳೆತಕ್ಕೆ ಬಿಚ್ಚುವಂಥದ್ದು.

ಹೊರಟಾಗ ಆ ಹಿರಿಯರು ಇನ್ನೊಂದು ಮಾತು ಹೇಳಿದರು. ‘ಕಟ್ಟಿ ಆದ ಮೇಲೆ ಸರಿಯಾಯ್ತಾ ಅಂತ ಕೇಳಬೇಡಿ. ಎಲ್ಲರೂ ಹೂಂ ಅಂತಾರೆ. ಒಮ್ಮೆ ಕುಣಿದು ತೋರಿಸು ಅನ್ನಿ. ಮೈ ಸುಳ್ಳು ಹೇಳೋದಿಲ್ಲ.’ ಯಕ್ಷಗಾನದವರು ವೇಷ ‘ಹಾಕುವುದು’ ಎನ್ನುವುದಕ್ಕಿಂತ ‘ಕಟ್ಟುವುದು’ ಎನ್ನುವುದೇ ಹೆಚ್ಚು. ಬೆಳಗಿನವರೆಗೆ ಕುಣಿಯುವ ಮೈಗೆ ಕಟ್ಟುವವರು ಎಷ್ಟು ಯೋಚಿಸಿರಬೇಕು ಎಂದು ಅಂದು ತಿಳಿಯಿತು.

ಆಮೇಲೆ ಈ ಹುಚ್ಚು ಹಿಡಿದು ಪುಸ್ತಕಗಳಲ್ಲಿ ಹುಡುಕತೊಡಗಿದೆ. ಜಪಾನಿನ ಸಮುರಾಯ್ ಯೋಧರ ಹೆಗಲ ತಟ್ಟೆಗೆ ‘ಸೋದೆ’ ಎನ್ನುತ್ತಾರೆ. ಅದು ಹೆಗಲಿನಿಂದ ಹುರಿಗಳಲ್ಲಿ ತೂಗಾಡುತ್ತದೆ. ಹಿಂದಿನ ಹುರಿ ಬೆನ್ನಿನ ಮೇಲಿನ ದೊಡ್ಡ ಅಲಂಕಾರದ ಗಂಟಿಗೆ ಸೇರುತ್ತದೆ. ಯುರೋಪಿನವರ ಉಕ್ಕಿನ ಕವಚದಲ್ಲಿ ಹೆಗಲಿನ ಭಾಗಕ್ಕೆ ಹಲವು ಸಣ್ಣ ಪಟ್ಟಿಗಳನ್ನು ಒಂದರ ಮೇಲೊಂದು ಜಾರುವಂತೆ ಚರ್ಮದ ಪಟ್ಟಿ, ಮೊಳೆಗಳಿಂದ ಜೋಡಿಸುತ್ತಿದ್ದರು, ಚೇಳಿನ ಬೆನ್ನಿನ ಹಾಗೆ. ಎಲ್ಲಿಯ ಜಪಾನು, ಎಲ್ಲಿಯ ಯುರೋಪು, ಎಲ್ಲಿಯ ನಮ್ಮ ಚೌಕಿ! ಎಲ್ಲರೂ ಯೋಚಿಸಿದ್ದು ಒಂದೇ ವಿಷಯ: ಕವಚ ತೊಟ್ಟ ಮೇಲೂ ಕೈ ಮೇಲೇಳಬೇಕು.

ಮರುವರ್ಷದ ನಾಟಕಕ್ಕೆ ನನ್ನ ಚೆನ್ನಮ್ಮ ಹೆಸರು ಕೊಡಲಿಲ್ಲ. ಕರೆದು ಕೇಳಿದೆ. ‘ಬೇಡ ಮೇಡಂ’ ಎಂದಳು. ಒತ್ತಾಯಿಸಿದರೆ ‘ಹೂಂ’ ಎನ್ನುತ್ತಿದ್ದಳೇನೋ. ಆ ‘ಹೂಂ’ ಈಗ ನನಗೆ ಬೇಕಿರಲಿಲ್ಲ. ‘ಹಾಗಾದ್ರೆ ವೇಷ ಕಟ್ಟೋಕೆ ನನ್ನ ಜೊತೆ ಇರ್ತೀಯಾ?’ ಎಂದೆ. ಅದಕ್ಕೆ ಬಂದಳು.

ಬಂದವಳು ನನಗೇ ಕಲಿಸಿದಳು. ಹಾಳೆಯ ನಾರು ಉದ್ದಕ್ಕೆ ಓಡುತ್ತದೆ. ಲಾಡಿ ಜಗ್ಗಿದಾಗ ತೂತು ನಾರಿನ ಗುಂಟ ಸೀಳಿಕೊಂಡು ಹೋಗುತ್ತಿತ್ತು. ನಾನು ಅಂಟು ಮೆತ್ತಿ ಮೆತ್ತಿ ಸೋತಿದ್ದೆ. ಅವಳು ಎಲ್ಲಿಂದಲೋ ಹಳೆ ಅಂಗಿಯ ಗುಂಡಿಗಳನ್ನು ತಂದಳು. ತೂತಿನ ಮೇಲೊಂದು, ಕೆಳಗೊಂದು ಗುಂಡಿ ಇಟ್ಟು ಎರಡನ್ನೂ ಸೇರಿಸಿ ಹೊಲಿದು, ಮೇಲಿನ ಗುಂಡಿಯ ಕುತ್ತಿಗೆಗೆ ಲಾಡಿ ಸಿಕ್ಕಿಸಿದಳು. ಜಗ್ಗಿದ ಭಾರ ಗುಂಡಿಯ ಅಗಲಕ್ಕೆ ಹಂಚಿಹೋಗಿ ಹಾಳೆ ಸೀಳಲಿಲ್ಲ. ಇಂದಿಗೂ ನಾನು ಹಾಗೆಯೇ ಮಾಡುತ್ತೇನೆ.

ಆ ವರ್ಷ ರಾಣಿಯಾದದ್ದು ಬೇರೊಬ್ಬ ಹುಡುಗಿ. ಅವಳ ಹೆಗಲಿಗೆ ಕಟ್ಟಿದವಳು ನನ್ನ ಚೆನ್ನಮ್ಮ. ಕಟ್ಟಿ, ಎರಡು ಹೆಜ್ಜೆ ಹಿಂದೆ ಸರಿದು, ‘ಕೈ ಎತ್ತು’ ಎಂದಳು. ಹುಡುಗಿ ಎತ್ತಿದಳು. ‘ಇನ್ನೂ ಎತ್ತು. ಕಿವಿಗೆ ತಾಗ್ಬೇಕು. ಕೂತ್ಕೋ. ಎದ್ದೇಳು. ಈಗ ಜೋರಾಗಿ ಕೂಗು.’ ಒಂದು ಲಾಡಿಯನ್ನು ಬಿಚ್ಚಿ ಅರ್ಧ ಬೆರಳು ಸಡಿಲಿಸಿ ಮತ್ತೆ ಕಟ್ಟಿದಳು. ಆ ಸಂಜೆ ಕತ್ತಿ ನೆತ್ತಿಯ ಮೇಲೆ ಏರಿತು, ಚಪ್ಪಾಳೆ ಬಿದ್ದಿತು. ನಾನು ವೇದಿಕೆ ನೋಡಲಿಲ್ಲ. ಪರದೆಯ ಪಕ್ಕದಲ್ಲಿ ನಿಂತು, ತುಟಿಯಲ್ಲೇ ಮಾತುಗಳನ್ನು ಹೇಳಿಕೊಳ್ಳುತ್ತಿದ್ದ ಹುಡುಗಿಯನ್ನು ನೋಡುತ್ತಿದ್ದೆ. ಪ್ರತಿಯೊಂದು ಮಾತೂ ಅವಳಿಗೆ ಬಾಯಿಪಾಠವಾಗಿ ಉಳಿದಿತ್ತು.

ಹತ್ತನೆಯ ತರಗತಿ ಮುಗಿಯುವವರೆಗೂ ಅವಳು ಮತ್ತೆ ವೇದಿಕೆ ಏರಲಿಲ್ಲ. ‘ಎಷ್ಟು ಒಳ್ಳೆಯ ಕೆಲಸ ಕಲಿತಳು’ ಎಂದು ನಾನು ಸಮಾಧಾನ ಮಾಡಿಕೊಳ್ಳಬಹುದು. ಆದರೆ ಹೆಂಚು ಹಾರಿಸಿದ ಆ ದನಿಯನ್ನು ಒಂದು ನೈಲಾನ್ ದಾರ, ಮೂರು ಗಂಟು ಮತ್ತು ನನ್ನ ಒಂದು ಮಾತು ಸೇರಿ ಕೆಳಗಿಳಿಸಿದವು. ಅದನ್ನು ಬೇರೆ ಯಾವ ಹೆಸರಿನಿಂದ ಕರೆಯಲೂ ನನಗೆ ಮನಸ್ಸಿಲ್ಲ.

ಅಂದಿನಿಂದ ವೇಷ ಕಟ್ಟುವ ಕೋಣೆಯಲ್ಲಿ ನನ್ನದೊಂದು ನಿಯಮವಿದೆ. ‘ನೋಯುತ್ತೆ ಅಂತ ಹೇಳಿದವರ ಪಾತ್ರ ಹೋಗೋದಿಲ್ಲ’ ಎಂದು ಮೊದಲೇ ಹೇಳುತ್ತೇನೆ. ಮೊದಲ ವರ್ಷ ಯಾರೂ ನಂಬಲಿಲ್ಲ. ಎರಡನೆಯ ವರ್ಷ ಒಬ್ಬಳು ಹೇಳಿದಳು. ಈಗಂತೂ ಎಲ್ಲರೂ ಹೇಳುತ್ತಾರೆ; ಕೆಲವರು ನೋಯದಿದ್ದರೂ ಹೇಳುತ್ತಾರೆ! ಹೇಳಲಿ. ಅರ್ಧ ಬೆರಳು ಸಡಿಲಿಸಿದರೆ ನನ್ನ ಗಂಟೇನು ಹೋಗುತ್ತದೆ?

ಕಳೆದ ದೀಪಾವಳಿಗೆ ಎರಡು ರವಿಕೆ ಹೊಲಿಸಬೇಕಿತ್ತು. ಆನವಟ್ಟಿಯಲ್ಲಿ ಹೆಂಗಸರೊಬ್ಬರು ಚೆನ್ನಾಗಿ ಹೊಲಿಯುತ್ತಾರೆಂದು ಯಾರೋ ಹೇಳಿದ್ದರು. ಹೋಗಿ ನೋಡಿದರೆ ನನ್ನ ಚೆನ್ನಮ್ಮ! ಮೂವತ್ತು ದಾಟಿದ ಹೆಂಗಸು, ಕುತ್ತಿಗೆಯಲ್ಲಿ ಅಳತೆ ಟೇಪು, ಮೂಲೆಯಲ್ಲಿ ಪಾಠ ಬರೆಯುತ್ತ ಕೂತ ಮಗಳು. ಅವಳ ತಾಯಿಯನ್ನು ಕೇಳಿದೆ, ನನ್ನ ಮಂಡಿ ನೋವನ್ನು ಅವಳು ಕೇಳಿದಳು. ಹಳೆಯ ವಿಷಯ ಇಬ್ಬರೂ ಎತ್ತಲಿಲ್ಲ.

ವಾರ ಬಿಟ್ಟು ರವಿಕೆ ತರಲು ಹೋದೆ. ತೊಟ್ಟು ನೋಡಿದೆ. ಕನ್ನಡಿಯಲ್ಲಿ ಸರಿಯಾಗಿಯೇ ಕಾಣುತ್ತಿತ್ತು. ‘ಚೆನ್ನಾಗಿ ಕೂತಿದೆ ಮಾರಾಯ್ತಿ’ ಎಂದೆ.

‘ಹಾಗಲ್ಲ ಮೇಡಂ’ ಎಂದಳು ಅವಳು, ಎರಡು ಹೆಜ್ಜೆ ಹಿಂದೆ ಸರಿದು. ‘ಕೈ ಎತ್ತಿ.’

ಎತ್ತಿದೆ.

‘ಇನ್ನೂ ಎತ್ತಿ. ಕಿವಿಗೆ ತಾಗಬೇಕು.’

ಅಂಗಡಿಯ ನಡುವೆ, ಅವಳ ಮಗಳು ಬಾಯಿ ತೆರೆದು ನೋಡುತ್ತಿರುವಂತೆ, ನಾನು ಎರಡೂ ಕೈಗಳನ್ನು ನೆತ್ತಿಯ ಮೇಲಕ್ಕೆ ಎತ್ತಿ ನಿಂತೆ. ಅವಳು ಕಂಕುಳ ಹೊಲಿಗೆಯನ್ನು ಬೆರಳಿಂದ ಮುಟ್ಟಿ ನೋಡಿ, ಬಲಗಡೆ ಒಂದು ಹೊಲಿಗೆ ಬಿಚ್ಚಬೇಕು ಎಂದಳು.